ಕರ್ನಾಟಕದ ನಕ್ಷೆಗೆ ತಕ್ಕ ಪ್ರಕ್ಷೇಪ ಯಾವುದು?

ಗೋಳದ ಮೈಯನ್ನು ಎಲ್ಲೂ ಹಿಗ್ಗಿಸದೆ, ಕುಗ್ಗಿಸದೆ ಕಾಗದದ ಮೇಲೆ ಹಾಸಲಾಗದು ಎಂಬುದು ಗಣಿತಜ್ಞ ಗಾಸ್ 1827ರಲ್ಲಿ ಮಂಡಿಸಿದ ಪ್ರಮೇಯದಿಂದ ಖಚಿತವಾಯಿತು. ಆದ್ದರಿಂದ ಪ್ರತಿಯೊಂದು ನಕ್ಷಾ ಪ್ರಕ್ಷೇಪವೂ, ಅಂದರೆ ಗೋಳವನ್ನು ಕಾಗದಕ್ಕಿಳಿಸುವ ಪ್ರತಿ ವಿಧಾನವೂ, ಕೋನ, ವಿಸ್ತೀರ್ಣ, ದೂರ ಇವುಗಳಲ್ಲಿ ಒಂದನ್ನು ಕಾಯಲು ಇನ್ನೊಂದನ್ನು ಬಿಟ್ಟುಕೊಡುತ್ತದೆ. ಪಠ್ಯಪುಸ್ತಕಗಳು ಸಿಲಿಂಡರ್, ಶಂಕು, ಸಮತಲ ಎಂಬ ಮೂರು ಬಗೆ ಹೇಳಿ ಸುಮ್ಮನಾಗುತ್ತವೆ. ಆ ವಿಂಗಡಣೆ ನೆರವಾಗುವುದು ಪ್ರದೇಶದ ಆಕಾರಕ್ಕೆ ಹೊಂದುವ ಮೇಲ್ಮೈಯನ್ನು ಆರಿಸಲು ಮಾತ್ರ. ಏನನ್ನು ಕಾಯಬೇಕೆಂಬುದನ್ನು ನಕ್ಷೆಯ ಉದ್ದೇಶವೇ ಹೇಳಬೇಕು, ಅದೂ ಮೊದಲು.

ಮರ್ಕೇಟರ್ 1569ರಲ್ಲಿ ತನ್ನ ಪ್ರಕ್ಷೇಪವನ್ನು ರಚಿಸಿದ್ದು ನಾವಿಕರಿಗಾಗಿ. ದಿಕ್ಸೂಚಿಯ ಒಂದೇ ದಿಕ್ಕು ಹಿಡಿದು ಸಾಗುವ ಹಾದಿ ಅದರಲ್ಲಿ ಸರಳರೇಖೆಯಾಗುತ್ತದೆ. ಅದರದೇ ಒಂದು ರೂಪ ಇಂದು ಮೊಬೈಲ್ ನಕ್ಷೆಗಳಲ್ಲಿದೆ. ಬೀದಿಯ ತಿರುವು ನೋಡಲು ಅದು ಸಾಕು, ವಿಸ್ತೀರ್ಣ ಹೋಲಿಸಲು ಸಲ್ಲದು. ಗ್ರೀನ್‌ಲ್ಯಾಂಡ್ ಆಫ್ರಿಕದಷ್ಟು ಕಾಣುತ್ತದೆಂಬ ಉದಾಹರಣೆ ಸವೆದುಹೋಗಿದೆ; ನಮ್ಮ ರಾಜ್ಯದೊಳಗೇ ನೋಡಬಹುದು. ವಿಸ್ತೀರ್ಣದ ಹಿಗ್ಗು ಚಾಮರಾಜನಗರದ ಅಕ್ಷಾಂಶದಲ್ಲಿ ಶೇ. 4.5ರಷ್ಟಿದ್ದರೆ ಬೀದರಿನಲ್ಲಿ ಶೇ. 10.4. ಎರಡೂ ಕಡೆ ಒಂದೇ ಅಳತೆಯ ನೆಲವನ್ನು ತೆಗೆದುಕೊಂಡರೆ ಬೀದರಿನದು ಸುಮಾರು ಶೇ. 5.7ರಷ್ಟು ದೊಡ್ಡದಾಗಿ ಕಾಣುತ್ತದೆ.

ಅಳತೆಯ ಕೆಲಸಕ್ಕೆ ಇಂದು ಹೆಚ್ಚು ಬಳಕೆಯಲ್ಲಿರುವುದು ಯೂನಿವರ್ಸಲ್ ಟ್ರಾನ್ಸ್‌ವರ್ಸ್ ಮರ್ಕೇಟರ್, ಅಂದರೆ ಯುಟಿಎಂ; ಇದು ಸಿಲಿಂಡರನ್ನು ಅಡ್ಡ ಮಲಗಿಸಿ ಪಡೆದ ಮರ್ಕೇಟರ್. ಭಾರತದ ಹಳೆಯ ಭೂಲಕ್ಷಣ ನಕ್ಷೆಗಳು, ಅಂದರೆ ಟೊಪೊಶೀಟ್‌ಗಳು ಪಾಲಿಕೋನಿಕ್ ಪ್ರಕ್ಷೇಪದಲ್ಲಿದ್ದವು. 2005ರ ರಾಷ್ಟ್ರೀಯ ನಕ್ಷಾ ನೀತಿಯು ಸಾರ್ವಜನಿಕ ಬಳಕೆಯ ಶೀಟ್‌ಗಳಿಗೆ ಯುಟಿಎಂ ಗೊತ್ತುಮಾಡಿತು. ಈ ಪದ್ಧತಿಯಲ್ಲಿ ಭೂಮಿ 6 ಡಿಗ್ರಿ ಅಗಲದ 60 ವಲಯಗಳಾಗುತ್ತದೆ. 43ನೇ ವಲಯ 72ರಿಂದ 78 ಡಿಗ್ರಿ ಪೂರ್ವ ರೇಖಾಂಶದವರೆಗೆ. ಕರ್ನಾಟಕದ ಬಹುಪಾಲು ಇದರೊಳಗೆ ಬೀಳುತ್ತದೆ, ಆದರೆ ಕೋಲಾರ, ಬಂಗಾರಪೇಟೆ, ಮುಳಬಾಗಿಲು 78 ಡಿಗ್ರಿಯ ಆಚೆ, 44ನೇ ವಲಯದಲ್ಲಿವೆ.

ಇಡೀ ರಾಜ್ಯವನ್ನು ಒಂದೇ ಹಾಳೆಯಲ್ಲಿ ಕೂಡಿಸಬೇಕಾದವರು ಸಾಮಾನ್ಯವಾಗಿ ಕೋಲಾರವನ್ನೂ 43ನೇ ವಲಯಕ್ಕೇ ಎಳೆದುಕೊಳ್ಳುತ್ತಾರೆ. ಆಗ ಆಗುವುದೇನು? ವಲಯದ ಮಧ್ಯ ರೇಖಾಂಶ 75 ಡಿಗ್ರಿ. ಅದು ಧಾರವಾಡದ ಬಳಿ ಹಾಯುತ್ತದೆ. ಅಲ್ಲಿ ಪ್ರಮಾಣಾಂಕ (ನಕ್ಷೆಯ ಉದ್ದಕ್ಕೂ ನೆಲದ ಉದ್ದಕ್ಕೂ ಇರುವ ಅನುಪಾತ) 0.9996, ಅಂದರೆ ಕಿಲೋಮೀಟರಿಗೆ 40 ಸೆಂ.ಮೀ. ಕಡಿಮೆ. ಮುಳಬಾಗಿಲಿನಲ್ಲಿ ಅದೇ ಕಿಲೋಮೀಟರು ಸುಮಾರು 1.26 ಮೀಟರ್ ಹೆಚ್ಚು ತೋರುತ್ತದೆ. ಎಕರೆಯ ಲೆಕ್ಕದಲ್ಲಿ ಹೇಳುವುದಾದರೆ ಧಾರವಾಡದಲ್ಲಿ ಸುಮಾರು 35 ಚದರಡಿ ಕಡಿಮೆ, ಮುಳಬಾಗಿಲಿನಲ್ಲಿ 110 ಚದರಡಿ ಹೆಚ್ಚು, ಅಂದರೆ ಗುಂಟೆಯ ಹತ್ತನೇ ಒಂದು ಪಾಲು. (ಸಮುದ್ರಮಟ್ಟದಿಂದ ಎತ್ತರದ ಪರಿಣಾಮವನ್ನು ಇಲ್ಲಿ ಸೇರಿಸಿಲ್ಲ.) ಒಂದು ಹೊಲದ ಮಟ್ಟಿಗೆ ಇದು ನಗಣ್ಯವೆನ್ನಬಹುದು. ಸಾವಿರ ಎಕರೆ ಭೂಸ್ವಾಧೀನದ ಪಟ್ಟಿಯಲ್ಲಿ ಎರಡೂವರೆ ಎಕರೆ ಸುಮ್ಮನೆ ಹುಟ್ಟಿಕೊಂಡರೆ ಹಾಗೆನ್ನಲಾಗದು.

ಪರಿಹಾರ ರಾಜ್ಯದ ಆಕಾರದಲ್ಲೇ ಇದೆ. ಕರ್ನಾಟಕ ದಕ್ಷಿಣೋತ್ತರವಾಗಿ ಸುಮಾರು 7 ಡಿಗ್ರಿ ಉದ್ದ, ಪೂರ್ವಪಶ್ಚಿಮವಾಗಿ ನಾಲ್ಕೂವರೆ ಡಿಗ್ರಿ ಅಗಲ. ಶಂಕು ಪ್ರಕ್ಷೇಪ ಅಡ್ಡಲಾಗಿ ಹರಡಿದ ನಾಡಿಗೆ ಒಪ್ಪುತ್ತದೆ; ನೀಳವಾಗಿ ನಿಂತ ನಾಡಿಗೆ ಲ್ಯಾಂಬರ್ಟ್ 1772ರಲ್ಲಿ ಪ್ರಕಟಿಸಿದ ಟ್ರಾನ್ಸ್‌ವರ್ಸ್ ಮರ್ಕೇಟರೇ ಮೇಲು. ಮಧ್ಯ ರೇಖಾಂಶವನ್ನು 76 ಡಿಗ್ರಿ 20 ಮಿನಿಟಿಗೆ ಸರಿಸಿ, ಅಲ್ಲಿನ ಪ್ರಮಾಣಾಂಕವನ್ನು 0.99964 ಎಂದಿಟ್ಟರೆ ಕಾರವಾರದಿಂದ ಮುಳಬಾಗಿಲಿನವರೆಗೆ ಉದ್ದದ ದೋಷ ಶೇ. 0.04ನ್ನು ಮೀರುವುದಿಲ್ಲ. ಕೋನ ಕಾಯುವ ಶಂಕು ಪ್ರಕ್ಷೇಪದಲ್ಲಿ, ಎಷ್ಟೇ ಜಾಣತನದಿಂದ ಪ್ರಮಾಣ ಅಕ್ಷಾಂಶಗಳನ್ನು (ಉದ್ದ ನಿಖರವಾಗಿ ಉಳಿಯುವ ಅಕ್ಷಾಂಶಗಳನ್ನು) ಆರಿಸಿದರೂ, ಆ ದೋಷ ಶೇ. 0.09ರ ಆಸುಪಾಸಿಗೆ ಹೋಗುತ್ತದೆ.

ಮಳೆ, ಬೆಳೆ, ಜನಸಾಂದ್ರತೆಗಳ ನಕ್ಷೆಗಳ ಮಾತು ಬೇರೆ. ಅಲ್ಲಿ ಓದುಗನ ಕಣ್ಣು ಬಣ್ಣದ ಹರವನ್ನು ಅಳೆಯುವುದರಿಂದ ಸಮಕ್ಷೇತ್ರ ಪ್ರಕ್ಷೇಪವೇ ಬೇಕು. 15 ಡಿಗ್ರಿ ಉತ್ತರ, 76 ಡಿಗ್ರಿ 20 ಮಿನಿಟು ಪೂರ್ವವನ್ನು ಕೇಂದ್ರವಾಗಿಟ್ಟ ಲ್ಯಾಂಬರ್ಟನ ಸಮಕ್ಷೇತ್ರ ಸಮತಲ ಪ್ರಕ್ಷೇಪದಲ್ಲಿ ವಿಸ್ತೀರ್ಣ ಚ್ಯುತಿಯಿಲ್ಲದೆ ಉಳಿಯುತ್ತದೆ. ಗಡಿಯ ಅಂಚಿನಲ್ಲೂ ಉದ್ದದ ವ್ಯತ್ಯಾಸ ಸುಮಾರು ಶೇ. 0.05ರಷ್ಟೇ. ಆಕಾರ ಕೆಟ್ಟಿದ್ದು ಬರಿಗಣ್ಣಿಗೆ ತಿಳಿಯುವುದಿಲ್ಲ. ಇಷ್ಟು ಸಣ್ಣ ಬೆಲೆಗೆ ವಿಸ್ತೀರ್ಣ ದಕ್ಕುವಾಗ ಅಂಕಿಅಂಶದ ನಕ್ಷೆಯನ್ನು ಮೊಬೈಲ್ ನಕ್ಷೆಯ ಹಿನ್ನೆಲೆಗೆ ಅಂಟಿಸಿ ಅಚ್ಚುಹಾಕುವುದು ಸೋಮಾರಿತನವಲ್ಲದೆ ಬೇರೇನಲ್ಲ.

ರಾಜ್ಯಮಟ್ಟದ ನಕ್ಷೆ ಪ್ರಕಟಿಸುವವರು ಅದರ ಮೂಲೆಯಲ್ಲಿ ಪ್ರಕ್ಷೇಪದ ಹೆಸರು, ಮಧ್ಯ ರೇಖಾಂಶ, ಪ್ರಮಾಣಾಂಕ, ಭೂಮಿಯ ಆಕಾರಕ್ಕೆ ಆಧಾರವಾಗಿ ಬಳಸಿದ ದೀರ್ಘಗೋಳ, ಇಷ್ಟನ್ನಾದರೂ ಮುದ್ರಿಸಲಿ.