ಬಾಸ್ ಮೀನಿಗೆ ಗಾಳದ ಕೋಲು: ಎರೆಗೆ ತಕ್ಕ ಆಯ್ಕೆ

ಮಕ್ಕಳು ಅಮೆರಿಕದಲ್ಲಿ ನೆಲೆಸಿರುವ ಕಾರಣ ಆಗಾಗ ಅಲ್ಲಿಗೆ ತೆರಳಿ ಕೆಲವು ತಿಂಗಳು ಇದ್ದು ಬರುವ ಹಿರಿಯರು ಮುಂಬಯಿ ಕನ್ನಡಿಗರಲ್ಲಿ ಅನೇಕರಿದ್ದಾರೆ. ಅಲ್ಲಿನ ಬೇಸಗೆಯ ದೀರ್ಘ ಸಂಜೆಗಳಲ್ಲಿ ಮೊಮ್ಮಕ್ಕಳೊಡನೆ ಕೆರೆಯ ದಡದಲ್ಲಿ ಗಾಳ ಹಾಕಿ ನಿಲ್ಲುವುದು ಒಂದು ಸುಖಕರ ಕಾಲಕ್ಷೇಪ. ಬಾಲ್ಯದಲ್ಲಿ ಬಿದಿರಿನ ಕೋಲಿಗೆ ದಾರ ಕಟ್ಟಿ, ಎರೆಹುಳು ಸಿಕ್ಕಿಸಿ ಊರಿನ ಹೊಳೆಯ ಬದಿಯಲ್ಲಿ ಕಾದು ಕುಳಿತವರಿಗೆ ಇದು ಅಪರಿಚಿತ ವಿದ್ಯೆಯಲ್ಲ. ಆದರೆ ಅಲ್ಲಿನ ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿದ ನೂರಾರು ಕೋಲುಗಳನ್ನು ಕಂಡಾಗ ಯಾವುದನ್ನು ಕೊಳ್ಳಬೇಕೆಂಬ ಗೊಂದಲ ಉಂಟಾಗುವುದು ಸಹಜ.

ನಾವೂ ಈ ಗೊಂದಲಕ್ಕೆ ಸಿಲುಕಿದವರೇ. ಎಂಟು ವರ್ಷದ ಮೊಮ್ಮಗನಿಗಾಗಿ, ಗಟ್ಟಿಯಾದುದೇ ಒಳ್ಳೆಯದೆಂದು ಬಗೆದು, ಅಂಗಡಿಯಲ್ಲಿದ್ದ ಅತ್ಯಂತ ದೃಢವಾದ ಕೋಲನ್ನು ಕೊಂಡೆವು. ಅವನು ಎಷ್ಟು ಬೀಸಿದರೂ ಹಗುರವಾದ ಎರೆಯು ನಾಲ್ಕು ಮಾರು ದೂರ ಹೋಗಿ ಬೀಳುತ್ತಿತ್ತು. ಅರ್ಧ ಗಂಟೆಯಲ್ಲಿ ಹುಡುಗನು ಕೋಲನ್ನು ಹುಲ್ಲಿನ ಮೇಲಿಟ್ಟು ಎದ್ದುಹೋದನು. ತಪ್ಪು ಅವನದಾಗಿರಲಿಲ್ಲ. ಕೋಲನ್ನು ಆಯುವುದು ಅದರ ಗಟ್ಟಿತನ ನೋಡಿ ಅಲ್ಲ, ಅದು ಎಸೆಯಬೇಕಾದ ಎರೆಯನ್ನು ನೋಡಿ ಎಂಬುದನ್ನು ನಾವು ಅರಿತದ್ದು ಆ ಬಳಿಕವೇ.

ಮೀನಿನ ಪರಿಚಯ

ಲಾರ್ಜ್‌ಮೌತ್ ಬಾಸ್ ಉತ್ತರ ಅಮೆರಿಕದ ಪೂರ್ವ ಹಾಗೂ ಮಧ್ಯಭಾಗಗಳ ಸಿಹಿನೀರಿನ ಮೀನು. ಹೆಸರೇ ಹೇಳುವಂತೆ ಇದರದು ದೊಡ್ಡ ಬಾಯಿ. ಜೊಂಡು, ಮುಳುಗಿದ ಮರ, ತೇಲುವ ಎಲೆಗಳ ನೆರಳಿನಲ್ಲಿ ಅಡಗಿದ್ದು ಬೇಟೆಯ ಮೇಲೆ ಒಮ್ಮೆಲೇ ಎರಗುವುದು ಇದರ ಸ್ವಭಾವ. ಇದರ ಸೋದರನಾದ ಸ್ಮಾಲ್‌ಮೌತ್ ಬಾಸ್ ತಿಳಿಯಾದ, ತಣ್ಣಗಿನ, ಕಲ್ಲು ತಳದ ನೀರನ್ನು ಬಯಸುತ್ತದೆ. 1932ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಜಾರ್ಜ್ ಪೆರ್ರಿ ಹಿಡಿದ ಬಾಸ್ 22 ಪೌಂಡ್ 4 ಔನ್ಸ್, ಅಂದರೆ ಸುಮಾರು 10 ಕಿಲೋ ತೂಗಿತ್ತು. 2009ರಲ್ಲಿ ಜಪಾನಿನ ಬೀವಾ ಸರೋವರದಲ್ಲಿ ಮನಾಬು ಕುರಿತಾ ಅದಕ್ಕಿಂತ ಒಂದು ಔನ್ಸಿನಷ್ಟೂ ಹೆಚ್ಚಿಲ್ಲದ ಮೀನನ್ನು ಹಿಡಿದುದರಿಂದ ದಾಖಲೆಯನ್ನು ಇಬ್ಬರಿಗೂ ಸಮವೆಂದು ಪರಿಗಣಿಸಲಾಯಿತು. ನಮ್ಮಂಥವರಿಗೆ ಸಿಗುವುದು ಸಾಮಾನ್ಯವಾಗಿ ಒಂದೆರಡು ಪೌಂಡಿನ ಮೀನು ಎಂಬುದನ್ನು ನೆನಪಿನಲ್ಲಿಡುವುದು ಒಳಿತು.

ಕೋಲಿನ ಮೇಲಿನ ಬರಹ

ಹಿಡಿಯ ಮೇಲ್ಭಾಗದಲ್ಲಿ ಸಣ್ಣ ಅಕ್ಷರಗಳಲ್ಲಿ ಮುದ್ರಿಸಿರುವ ಬರಹವೇ ಕೋಲಿನ ಜಾತಕ. ಅದರಲ್ಲಿ ಉದ್ದ, ಪವರ್, ಆ್ಯಕ್ಷನ್, ದಾರದ ಬಲ ಹಾಗೂ ಎರೆಯ ತೂಕ ಎಂಬ ಐದು ವಿಷಯಗಳಿರುತ್ತವೆ.

ಪವರ್ ಎಂದರೆ ಕೋಲನ್ನು ಬಾಗಿಸಲು ಎಷ್ಟು ಬಲ ಬೇಕೆಂಬ ಅಳತೆ. ಲೈಟ್, ಮೀಡಿಯಮ್, ಮೀಡಿಯಮ್ ಹೆವಿ, ಹೆವಿ ಎಂಬುದು ಇದರ ಕ್ರಮ. ಆ್ಯಕ್ಷನ್ ಎಂದರೆ ಕೋಲು ಎಲ್ಲಿ ಬಾಗುತ್ತದೆ ಎಂಬುದು. ತುದಿಯ ಭಾಗ ಮಾತ್ರ ಬಾಗಿದರೆ ಫಾಸ್ಟ್. ನಡುವಿನವರೆಗೂ ಬಾಗಿದರೆ ಮಾಡರೇಟ್. ಇವೆರಡೂ ಬೇರೆ ಬೇರೆ ಗುಣಗಳು. ಹೊಸಬರು ಇವನ್ನು ಒಂದೇ ಎಂದು ಭಾವಿಸಿ ಮೋಸಹೋಗುತ್ತಾರೆ.

ಎರೆಯ ತೂಕವನ್ನು ಔನ್ಸಿನಲ್ಲಿ ಸೂಚಿಸಿರುತ್ತಾರೆ. ಕಾಲು ಔನ್ಸ್ ಸುಮಾರು 7 ಗ್ರಾಂ, ಅರ್ಧ ಔನ್ಸ್ 14 ಗ್ರಾಂ. ಬೀಸುವಾಗ ಎರೆಯ ಭಾರಕ್ಕೆ ಕೋಲು ಬಿಲ್ಲಿನಂತೆ ಬಾಗಿ, ನೆಟ್ಟಗಾಗುವ ರಭಸದಲ್ಲಿ ಎರೆಯನ್ನು ಚಿಮ್ಮಿಸುತ್ತದೆ. ಎರೆ ತೀರ ಹಗುರವಾದರೆ ಕೋಲು ಬಾಗುವುದೇ ಇಲ್ಲ. ನಮ್ಮ ಮೊಮ್ಮಗನಿಗೆ ಆದುದು ಇದೇ. ಎರೆ ಅತಿ ಭಾರವಾದರೆ ಕೋಲು ಮುರಿಯುವ ಭಯವಿದೆ.

ಎರಡು ಬಗೆ

ಸ್ಪಿನ್ನಿಂಗ್ ಕೋಲಿನಲ್ಲಿ ದಾರ ಸುತ್ತುವ ರೀಲು ಕೋಲಿನ ಕೆಳಗೆ ತೂಗುತ್ತದೆ, ಅದರ ಮೊದಲ ಬಳೆ ದೊಡ್ಡದಾಗಿರುತ್ತದೆ. ಹಗುರವಾದ ಎರೆಗಳಿಗೂ ಕಲಿಯುವವರಿಗೂ ಇದು ಸೂಕ್ತ. ಕಾಸ್ಟಿಂಗ್ ಕೋಲಿನಲ್ಲಿ ರೀಲು ಮೇಲ್ಗಡೆ ಕೂರುತ್ತದೆ. ಭಾರದ ಎರೆಯನ್ನು ಗುರಿಯಿಟ್ಟು ಎಸೆಯಲು ಇದು ಉತ್ತಮವಾದರೂ, ಹೆಬ್ಬೆರಳಿನಿಂದ ರೀಲಿನ ವೇಗವನ್ನು ತಡೆಯುವ ಅಭ್ಯಾಸವಿಲ್ಲದಿದ್ದರೆ ದಾರವು ಹಕ್ಕಿಗೂಡಿನಂತೆ ಸಿಕ್ಕಾಗುತ್ತದೆ. ಒಂದು ಬಗೆಯ ರೀಲನ್ನು ಇನ್ನೊಂದು ಬಗೆಯ ಕೋಲಿಗೆ ಜೋಡಿಸಬಾರದು.

ಎರೆಗೆ ತಕ್ಕ ಕೋಲು

ಪ್ಲಾಸ್ಟಿಕ್ ಹುಳು ಮತ್ತು ಜಿಗ್: ಇವು ಒಂಟಿ ಕೊಕ್ಕೆಯ ಎರೆಗಳು. ಹುಳುವಿನೊಳಗೆ ಮರೆಯಾಗಿರುವ ಕೊಕ್ಕೆಯು ಪ್ಲಾಸ್ಟಿಕ್ಕನ್ನು ದಾಟಿ ಮೀನಿನ ಗಟ್ಟಿ ಬಾಯಿಗೆ ನಾಟಬೇಕು. ಆದುದರಿಂದ 7 ಅಡಿಯ, ಮೀಡಿಯಮ್ ಹೆವಿ, ಫಾಸ್ಟ್ ಕೋಲು ಬೇಕು. ಮೀನು ಎರೆಯನ್ನು ಮುಟ್ಟಿದ ಸೂಕ್ಷ್ಮ ಕಂಪನವನ್ನು ಕೈಗೆ ತಲುಪಿಸಲು ಗ್ರಾಫೈಟ್ ಕೋಲೇ ಮೇಲು.

ಕ್ರ್ಯಾಂಕ್‌ಬೈಟ್: ಸಣ್ಣ ಮೀನಿನ ಆಕಾರದ, ಎಳೆದಂತೆ ನೀರಿನಲ್ಲಿ ಮುಳುಗಿ ಅಲುಗಾಡುವ ಎರೆ. ಇದಕ್ಕೆ ಮೂರು ಮೊನೆಯ ಸಣ್ಣ ಕೊಕ್ಕೆಗಳಿರುತ್ತವೆ. ಗಡಸು ಕೋಲಿನಿಂದ ಜಗ್ಗಿದರೆ ಅವು ಬಾಯಿಂದ ಕಿತ್ತು ಬರುತ್ತವೆ. ಮಾಡರೇಟ್ ಆ್ಯಕ್ಷನ್ನಿನ, 7 ರಿಂದ 7.5 ಅಡಿಯ ಕೋಲು ಯೋಗ್ಯ. ಗ್ರಾಫೈಟ್ ಬಂದ ಮೇಲೆ ಹಿಂದಕ್ಕೆ ಸರಿದ ಫೈಬರ್‌ಗ್ಲಾಸ್ ಈ ಎರೆಗೆ ಮಾತ್ರ ಇಂದಿಗೂ ಅನೇಕರ ಮೆಚ್ಚಿನದು.

ಸ್ಪಿನ್ನರ್‌ಬೈಟ್: ಹೊಳೆಯುವ ತಗಡಿನ ಎಲೆ ತಿರುಗುವ ಎರೆ. ಮೀಡಿಯಮ್ ಹೆವಿ ಕೋಲು ಸಾಕು; ತುದಿ ತುಸು ಮೃದುವಾಗಿದ್ದರೆ ಒಳ್ಳೆಯದು.

ನೀರಿನ ಮೇಲಿನ ಎರೆ: ಕೋಲಿನ ತುದಿಯನ್ನು ಕೆಳಗೆ ಹಿಡಿದು ಮಿಡಿಯುತ್ತ ಆಡಿಸಬೇಕಾಗುವುದರಿಂದ 6.5 ಅಡಿಯ ಆಸುಪಾಸಿನ ಮೀಡಿಯಮ್ ಕೋಲು ಅನುಕೂಲ. ಆದರೆ ದಟ್ಟ ಎಲೆಗಳ ಮೇಲೆ ಓಡಿಸುವ ಪ್ಲಾಸ್ಟಿಕ್ ಕಪ್ಪೆಗೆ ಈ ನಿಯಮ ಅನ್ವಯಿಸದು. ಕಳೆಯ ಸಮೇತ ಮೀನನ್ನು ಎಳೆಯಬೇಕಾಗುವುದರಿಂದ ಹೆವಿ ಕೋಲು, ಹೆಣೆದ ದಾರ ಅಗತ್ಯ.

ಡ್ರಾಪ್ ಶಾಟ್ ಮುಂತಾದ ನವುರಾದ ಎರೆಗಳು: ತೆಳುವಾದ ದಾರವನ್ನು ಬಳಸುವುದರಿಂದ ಅದು ಹರಿಯದಂತೆ ಕಾಪಾಡುವ ಮೀಡಿಯಮ್ ಲೈಟ್, ಫಾಸ್ಟ್ ಸ್ಪಿನ್ನಿಂಗ್ ಕೋಲು ಬೇಕು.

ನೀರು ಮತ್ತು ದಡ

ತಿಳಿನೀರಿನಲ್ಲಿ ಮೀನು ದಾರವನ್ನು ಕಾಣುತ್ತದೆ. ಅಲ್ಲಿ ತೆಳು ದಾರ, ಹಗುರ ಕೋಲು, ದೂರದ ಎಸೆತ. ಕಲಕು ನೀರು, ಜೊಂಡು, ಮುಳುಗಿದ ಮರಗಳಿದ್ದರೆ ದಪ್ಪ ದಾರ, ಬಲವಾದ ಕೋಲು. ಬಯಲಾದ ದಡದಿಂದ ಉದ್ದನೆಯ ಕೋಲು ದೂರಕ್ಕೆ ಎಸೆಯುತ್ತದೆ. ಮರದ ಕೊಂಬೆಗಳು ಬಾಗಿರುವ ದಡದಲ್ಲಿ ಗಿಡ್ಡ ಕೋಲೇ ಕೈಗೆ ಒಗ್ಗುತ್ತದೆ. ಗ್ರಾಫೈಟ್ ವಿದ್ಯುದ್ವಾಹಕವಾದ್ದರಿಂದ ವಿದ್ಯುತ್ ತಂತಿಯ ಕೆಳಗೆ ಕೋಲು ಬೀಸಬಾರದು. ಗುಡುಗು ಕೇಳಿದೊಡನೆ ಕೋಲು ಕೆಳಗಿಟ್ಟು ಆಸರೆಯತ್ತ ನಡೆಯಬೇಕು.

ಒಂದೇ ಕೋಲು ಕೊಳ್ಳುವುದಾದರೆ

7 ಅಡಿಯ, ಮೀಡಿಯಮ್, ಫಾಸ್ಟ್ ಸ್ಪಿನ್ನಿಂಗ್ ಕೋಲನ್ನು ಆಯ್ದುಕೊಳ್ಳಿ. ದಟ್ಟ ಕಳೆಯ ನೀರೊಂದನ್ನು ಬಿಟ್ಟು ಬಹುತೇಕ ಸಂದರ್ಭಗಳಿಗೆ ಇದು ಒದಗುತ್ತದೆ. ಎಳೆಯ ಮಕ್ಕಳಿಗೆ ಐದು, ಐದೂವರೆ ಅಡಿಯದು ಸಾಕು. ಗಾಳ ಹಾಕುವ ಮುನ್ನ ಆಯಾ ರಾಜ್ಯದ ಪರವಾನಗಿ ಪಡೆಯಬೇಕು. ಮಕ್ಕಳಿಗೆ ಅನೇಕ ರಾಜ್ಯಗಳಲ್ಲಿ ವಿನಾಯಿತಿ ಇದೆ, ಸಂದರ್ಶಕರಾದ ಅಜ್ಜ ಅಜ್ಜಿಯರಿಗೆ ಇಲ್ಲ.

ಕೊನೆಯದಾಗಿ, ಕೋಲಿನ ಆಯ್ಕೆ ಕೇವಲ ನಮ್ಮ ಅನುಕೂಲದ ವಿಷಯವಲ್ಲ. ರೇ ಸ್ಕಾಟ್ ಸ್ಥಾಪಿಸಿದ ಬಾಸ್ ಸಂಘವು 1972ರಲ್ಲಿ ತನ್ನ ಸ್ಪರ್ಧೆಗಳಲ್ಲಿ ಹಿಡಿದ ಮೀನನ್ನು ಜೀವಂತವಾಗಿ ನೀರಿಗೆ ಬಿಡುವ ಪದ್ಧತಿಯನ್ನು ಆರಂಭಿಸಿತು. ಇಂದು ಅದು ಬಾಸ್ ಹಿಡಿಯುವವರಲ್ಲಿ ರೂಢಿಯಾಗಿದೆ. ತೀರ ದುರ್ಬಲವಾದ ಕೋಲಿನಿಂದ ಮೀನನ್ನು ಬಹಳ ಹೊತ್ತು ಸೆಣಸಾಡಿಸಿದರೆ, ಅದರಲ್ಲೂ ಬೇಸಗೆಯ ಬಿಸಿನೀರಿನಲ್ಲಿ, ಬಿಟ್ಟ ಮೇಲೂ ಅದು ಬದುಕದಿರಬಹುದು. ಬೇಗನೆ ದಡಕ್ಕೆ ತಂದು, ಒದ್ದೆ ಕೈಯಿಂದ ಹಿಡಿದು, ಕೊಕ್ಕೆ ಬಿಡಿಸಿ ನೀರಿಗೆ ಇಳಿಸಿದಾಗ ಅದು ಬಾಲ ಬೀಸಿ ಆಳಕ್ಕೆ ಸರಿಯುವುದನ್ನು ಮಗು ಕಣ್ತುಂಬ ನೋಡಬೇಕು. ಮರುವರ್ಷ ಹಗುರವಾದ ಕೋಲನ್ನು ಹಿಡಿದ ನಮ್ಮ ಮೊಮ್ಮಗನು ತನ್ನ ಮೊದಲ ಮೀನನ್ನು ಹಾಗೆಯೇ ಬೀಳ್ಕೊಟ್ಟನು. ಆ ಸಂಜೆ ಅವನನ್ನು ಮನೆಗೆ ಕರೆತರುವುದೇ ನಮಗೆ ಕಷ್ಟವಾಯಿತು.