ವೇರಿಯೆಬಲ್‌ಗೆ ಬೆಲೆ ಕೊಡುವ ಬಗೆಗಳು

ಗಣಿತದ ಪಾಠದಲ್ಲಿ ನಾವು ಚರಾಕ್ಷರಕ್ಕೆ ಬೆಲೆ ಕೊಡುವಂತೆ ಜಾಲತಾಣದ ಪ್ರೋಗ್ರಾಮಿನಲ್ಲಿ ವೇರಿಯೆಬಲ್‌ಗೆ ಬೆಲೆ ಕೊಡಬೇಕಾಗುತ್ತದೆ. ಪಿಎಚ್‌ಪಿ ಭಾಷೆಯಲ್ಲಿ ಇದಕ್ಕೆ ಹಲವು ದಾರಿಗಳಿವೆ. ಯಾವುದು ಬೇಗ ಎಂಬ ಚರ್ಚೆಯೂ ಬಹುಕಾಲ ನಡೆಯಿತು. ಆಂಪರ್‌ಸ್ಯಾಂಡ್ ಚಿಹ್ನೆ ಹಾಕಿ ರೆಫರೆನ್ಸ್ ಕೊಟ್ಟರೆ ನಕಲು ಮಾಡುವ ಸಮಯ ಉಳಿಯುತ್ತದೆ ಎಂದು ಅನೇಕರು ನಂಬಿದ್ದರು. ನಾವೂ ನಂಬಿದ್ದೆವು. ನಿಜ ಸಂಗತಿ ಹೆಚ್ಚುಕಡಿಮೆ ಇದಕ್ಕೆ ತದ್ವಿರುದ್ಧ.

ನಂಬಿಕೆಗೆ ಬುಡವೇ ಇರಲಿಲ್ಲವೆಂದಲ್ಲ. 2000ದ ಮೇ ತಿಂಗಳಲ್ಲಿ ಬಂದ ಪಿಎಚ್‌ಪಿ 4ರಲ್ಲಿ ಒಂದು ಆಬ್ಜೆಕ್ಟನ್ನು ಇನ್ನೊಂದು ವೇರಿಯೆಬಲ್‌ಗೆ ಕೊಟ್ಟರೆ ಅದು ಬೇರೆ ಪ್ರತಿಯೇ ಆಗುತ್ತಿತ್ತು. ಒಂದರಲ್ಲಿ ತಿದ್ದಿದ್ದು ಇನ್ನೊಂದರಲ್ಲಿ ಕಾಣುತ್ತಿರಲಿಲ್ಲ. ಆಗ ರೆಫರೆನ್ಸ್ ಬೇಕೇ ಬೇಕಿತ್ತು, ಆದರೆ ವೇಗಕ್ಕಾಗಿ ಅಲ್ಲ. 2004ರಲ್ಲಿ ಬಂದ ಪಿಎಚ್‌ಪಿ 5 ಈ ತೊಡಕನ್ನು ಬಿಡಿಸಿತು. ಕೈಯ ರೂಢಿ ಮಾತ್ರ ಬಿಡಲಿಲ್ಲ.

ಅರೇಗಳ ಕಥೆ ಬೇರೆ. ಗ್ರಂಥಾಲಯದ ಒಂದೇ ಪುಸ್ತಕವನ್ನು ಇಬ್ಬರು ಓದುವಂತೆ, ಒಂದೇ ಅರೇಯನ್ನು ಎರಡು ವೇರಿಯೆಬಲ್‌ಗಳು ಹಂಚಿಕೊಳ್ಳುತ್ತವೆ. ಯಾರಾದರೂ ಅದರಲ್ಲಿ ಬರೆಯಹೊರಟಾಗ ಮಾತ್ರ ಬೇರೆ ಪ್ರತಿ ತಯಾರಾಗುತ್ತದೆ. ಅಂದರೆ ಸುಮ್ಮನೆ ಬೆಲೆ ಕೊಟ್ಟರೆ ಖರ್ಚೇ ಇಲ್ಲ. ಆದರೆ ರೆಫರೆನ್ಸ್‌ನಿಂದ ಕಟ್ಟಿದ ಅರೇಯನ್ನು ಕೌಂಟ್‌ನಂತಹ, ಬರಿದೆ ಎಣಿಸುವ ಫಂಕ್ಷನ್‌ಗೆ ಕೊಟ್ಟರೂ ಹಳೆಯ ಎಂಜಿನ್ ಇಡೀ ಅರೇಯನ್ನು ನಕಲು ಮಾಡುತ್ತಿತ್ತು. ಲೂಪಿನ ಪ್ರತಿ ಸುತ್ತಿನಲ್ಲೂ ಎಣಿಸಿದರೆ ಪ್ರತಿ ಸುತ್ತಿಗೂ ಒಂದು ನಕಲು! 2015ರ ಡಿಸೆಂಬರಿನಲ್ಲಿ ಬಂದ ಪಿಎಚ್‌ಪಿ 7ರಲ್ಲಿ ಇದು ಸರಿಹೋಯಿತು. ಒಂದು ಬೆಲೆಯನ್ನಿಡುವ ಪೆಟ್ಟಿಗೆಯೂ 24 ಬೈಟ್‌ಗಳಿಂದ 16ಕ್ಕಿಳಿಯಿತು.

ಇನ್ನೊಂದು ಬದಲಾವಣೆ 2005ರ ಪಿಎಚ್‌ಪಿ 5.1ರದು. ಹಾಜರಿ ಕರೆಯುವಾಗ ನಾವು ಹೆಸರಿನ ಬದಲು ಕ್ರಮಸಂಖ್ಯೆ ಕೂಗುತ್ತೇವಲ್ಲ, ಹಾಗೆ ಫಂಕ್ಷನ್‌ನೊಳಗಿನ ವೇರಿಯೆಬಲ್‌ಗಳಿಗೆ ಸಂಖ್ಯೆ ಸಿಕ್ಕಿತು. ಪ್ರತಿ ಸಲ ಹೆಸರು ಹುಡುಕುವ ಕೆಲಸ ತಪ್ಪಿತು. ಎರಡು ಡಾಲರ್ ಚಿಹ್ನೆ ಹಾಕಿ ಹೆಸರನ್ನೇ ವೇರಿಯೆಬಲ್ ಮಾಡುವವರಿಗೂ ಎಕ್ಸ್‌ಟ್ರಾಕ್ಟ್ ಬಳಸುವವರಿಗೂ ಈ ಲಾಭವಿಲ್ಲ. ಅಲ್ಲಿ ಹೆಸರು ಹುಡುಕಲೇಬೇಕು.

ಎಕ್ಸ್‌ಟ್ರಾಕ್ಟ್‌ನ ನಿಧಾನ ದೊಡ್ಡದಲ್ಲ, ಅಪಾಯ ದೊಡ್ಡದು. ಫಾರ್ಮಿನಲ್ಲಿ ಬಂದದ್ದನ್ನೆಲ್ಲ ಹಾಗೆಯೇ ಅದಕ್ಕೆ ಕೊಟ್ಟರೆ, ಫಾರ್ಮ್ ತುಂಬುವವನೇ ನಮ್ಮ ವೇರಿಯೆಬಲ್‌ಗಳ ಬೆಲೆ ಬದಲಿಸಬಹುದು. ರಿಜಿಸ್ಟರ್ ಗ್ಲೋಬಲ್ಸ್ ಎಂಬ ಹಳೆಯ ಏರ್ಪಾಡು ಇದನ್ನು ತಾನಾಗಿಯೇ ಮಾಡುತ್ತಿತ್ತು. ಬರೆಯುವವರಿಗೆ ಅದರಷ್ಟು ಸುಲಭದ ದಾರಿ ಇನ್ನೊಂದಿರಲಿಲ್ಲ. 2002ರ ಪಿಎಚ್‌ಪಿ 4.2ರಲ್ಲಿ ಅದನ್ನು ಮೊದಲೇ ಆರಿಸಿಟ್ಟು ಕೊಟ್ಟರು. ಹತ್ತು ವರ್ಷ ಕಳೆದು, 2012ರ ಪಿಎಚ್‌ಪಿ 5.4ರಲ್ಲಿ ಕಿತ್ತೇ ಹಾಕಿದರು.