ನೆಟ್ಟಗಿನ ಗೋಡೆ, ನೆತ್ತಿಯ ಸೂರ್ಯ

ಮೂಡಲಗಿಯಲ್ಲಿರುವ ನಮ್ಮ ಹಿರಿಯರ ಮನೆಯದು ಮಣ್ಣಿನ ಮಾಳಿಗೆ. ಸೌರ ಫಲಕಗಳ ಭಾರವನ್ನು ಅದು ತಾಳಲಾರದು. ಅಜ್ಜ ಹಾಕಿಸಿದ ಮಾಳಿಗೆಯನ್ನು ಕೆಡವಲು ನನಗೆ ಮನಸ್ಸಿಲ್ಲ. ತೆಂಕಣ ಕಲ್ಲುಗೋಡೆಗೇ ಅವುಗಳನ್ನು ನೆಟ್ಟಗೆ ಕೂಡಿಸಿದರಾಗದೇ ಎಂದು ಯೋಚಿಸಿದೆ.

ಇಂಥ ಸಾಹಸ ನಮ್ಮ ಸೀಮೆಗೆ ಹೊಸದಲ್ಲ. ಗೋಕಾಕದಲ್ಲಿ ಸುಮಾರು 170 ಅಡಿ ಧುಮುಕುವ ಘಟಪ್ರಭೆಯ ಬಲವನ್ನು 1887ರಲ್ಲಿಯೇ ನೂಲಿನ ಗಿರಣಿಯ ಕೆಲಸಕ್ಕೆ ಹಚ್ಚಿದರು. ಅದೇ ದಶಕದಲ್ಲಿ ನ್ಯೂಯಾರ್ಕಿನ ಚಾರ್ಲ್ಸ್ ಫ್ರಿಟ್ಸ್ ಸೆಲೆನಿಯಂ ಲೇಪಿಸಿದ ಫಲಕಗಳನ್ನು ಮಾಳಿಗೆಯ ಮೇಲಿಟ್ಟು ಬಿಸಿಲಿನಿಂದ ವಿದ್ಯುತ್ತು ಪಡೆದನು. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸಿಲಿಕಾನಿನ ಸೌರಕೋಶ ಸಿದ್ಧವಾಯಿತು. ಇತ್ತ ಹುಕ್ಕೇರಿಯವರು 1969ರಲ್ಲಿ ವಿದ್ಯುತ್ ಸಹಕಾರಿ ಸಂಘವನ್ನೇ ಕಟ್ಟಿಕೊಂಡರು.

ಆದರೆ ಗೋಡೆಯ ಲೆಕ್ಕ ಬೇರೆ. ಉತ್ತರ ಯುರೋಪಿನಲ್ಲಿ ಸೂರ್ಯ ತಗ್ಗಿನಲ್ಲಿ ಸಾಗುವುದರಿಂದ ನೆಟ್ಟಗಿನ ಫಲಕಕ್ಕೂ ಚಳಿಗಾಲದಲ್ಲಿ ಒಳ್ಳೆಯ ಬೆಳಕು ದೊರೆಯುತ್ತದೆ. ನಮ್ಮದು 16 ಅಕ್ಷಾಂಶದ ನಾಡು. ಡಿಸೆಂಬರ್ ನಡುಹಗಲಿನಲ್ಲಿ ಸೂರ್ಯ ಸುಮಾರು 50 ಅಂಶ ಎತ್ತರದಲ್ಲಿರುತ್ತಾನೆ. ಗೋಡೆಗೆ ಬಿಸಿಲು ತಕ್ಕಮಟ್ಟಿಗೆ ದಕ್ಕೀತು. ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಡುಹಗಲಿನ ಸೂರ್ಯ ನೆತ್ತಿಯನ್ನು ದಾಟಿ ಬಡಗಣಕ್ಕೆ ವಾಲುತ್ತಾನೆ. ಆಗ ತೆಂಕಣ ಗೋಡೆಯ ಮೇಲೆ ನೆರಳೇ ಸರಿ.

ನೀರು ನೆಟ್ಟಗೆ ಬಿದ್ದುದರಿಂದ ಗೋಕಾಕಕ್ಕೆ ಬಲ ಬಂದಿತು. ಬಿಸಿಲು ನೆಟ್ಟಗೆ ಬಿದ್ದರೆ ಗೋಡೆಗೆ ಬರುವುದೇನೂ ಇಲ್ಲ!

ಕೊನೆಗೆ ಗೋಡೆಯಿಂದ ಮುಂದಕ್ಕೆ ಕಬ್ಬಿಣದ ಚೌಕಟ್ಟು ಚಾಚಿಸಿ, ಫಲಕಗಳನ್ನು ಚಪ್ಪರದಂತೆ ಓರೆಯಾಗಿ ಕೂಡಿಸಿದೆನು. ಮನೆಗೆ ದೀಪವಾಯಿತು, ಕಿಟಕಿಗೆ ನೆರಳಾಯಿತು. ಅಜ್ಜನ ಮಾಳಿಗೆಯೂ ಉಳಿಯಿತು.